ಚಿಮಣಿಯಿಂದ ಮೇಲೆ

ಇವತ್ತು ಬೆಳಿಗ್ಗೆ ನಮ್ಮ ಮನೆಯ ಗ್ರೈಂಡರ್ ಅರ್ಧ ಸುತ್ತಿನಲ್ಲಿ ನಿಂತಿತು. ಕರೆಂಟು ಹೋಗಿತ್ತು. ನನ್ನ ಹೆಂಡತಿ ಉದ್ದಿನ ಹಿಟ್ಟು ಮೆತ್ತಿದ ಕೈಯನ್ನು ಮೇಲೆತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ರಾಜ್ಯದ ವಿದ್ಯುತ್ ಖಾತೆ ನನ್ನ ಬಳಿ ಇದೆಯೆಂದೂ ನಾನದನ್ನು ಸರಿಯಾಗಿ ನಿಭಾಯಿಸುತ್ತಿಲ್ಲವೆಂದೂ ಅವಳು ಮದುವೆಯಾದಂದಿನಿಂದ ನಂಬಿದ್ದಾಳೆ. ರಾಜೀನಾಮೆ ಕೊಟ್ಟ ಮಂತ್ರಿಯಂತೆ ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಕುಳಿತವನಿಗೆ ನೆನಪಾದದ್ದು, ಒಂದು ಕಾಲದಲ್ಲಿ ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿದ್ದ ಹಿಟ್ಟು.

ನಗಬೇಡಿ. ತೊಂಬತ್ತರ ದಶಕದಲ್ಲಿ ಶಿವಮೊಗ್ಗದಲ್ಲಿ ಸಂಸಾರ ಮಾಡಿದವರಿಗೆ ಇದು ಅರ್ಥವಾಗುತ್ತದೆ. ಇಡೀ ನಾಡಿಗೆ ನೀರಿನಿಂದ ಬೆಳಕು ತೆಗೆದು ಕಳಿಸುವ ಜಿಲ್ಲೆ ನಮ್ಮದು. ದೀಪದ ಬುಡ ಕತ್ತಲೆ ಎಂಬ ಗಾದೆ ಅದಕ್ಕೇ ನಮ್ಮ ಮೇಲೆ ದಿನಾ ಪ್ರಯೋಗವಾಗುತ್ತಿತ್ತು. ಆದರೆ ಭದ್ರಾವತಿಯ ಕಾಗದನಗರದಲ್ಲಿ, ನನ್ನ ಅಕ್ಕ ಸರೋಜಳ ಕ್ವಾರ್ಟರ್ಸಿನಲ್ಲಿ, ಕರೆಂಟು ಹೋಗುತ್ತಿರಲಿಲ್ಲ. ಕಾಗದದ ಗಿರಣಿ ತನ್ನ ಕರೆಂಟನ್ನು ತಾನೇ ಮಾಡಿಕೊಂಡು, ಮಿಕ್ಕಿದ್ದನ್ನು ಕಾರ್ಮಿಕರ ಮನೆಗಳಿಗೂ ಹರಿಸುತ್ತಿತ್ತು. ಹೀಗಾಗಿ ಕಾಗದನಗರದವರಿಗೆ ಊರೆಲ್ಲ ನೆಂಟರು. ನೆಂಟರು ಬರಿಗೈಯಲ್ಲಿ ಬರುತ್ತಿರಲಿಲ್ಲ. ನೆನೆಸಿದ ಅಕ್ಕಿ, ಉದ್ದು ತರುತ್ತಿದ್ದರು.

ನಾನೂ ಭಾನುವಾರದ ಬಸ್ಸಿನಲ್ಲಿ ಸ್ಟೀಲ್ ಬಕೆಟ್ಟನ್ನು ಮೊಣಕಾಲುಗಳ ನಡುವೆ ಹಿಡಿದು, ಅತ್ಯಂತ ಗೌರವಸ್ಥನ ಮುಖ ಮಾಡಿಕೊಂಡು ಹೋಗುತ್ತಿದ್ದೆ. ಕಂಡಕ್ಟರ್ ಬಗ್ಗಿ ನೋಡಿ, "ಸಾರ್, ಉದ್ದಿಗೆ ಹಾಫ್ ಟಿಕೆಟ್ಟಾ?" ಎನ್ನುತ್ತಿದ್ದ. ಸಂಜೆ ವಾಪಸಾಗುವಾಗ ಅದೇ ಬಕೆಟ್ಟಿನಲ್ಲಿ ಹಿಟ್ಟು. ಬಸ್ಸಿನ ಸೆಕೆಗೆ ಅದು ಹುಳಿಯೇರಿ ಉಬ್ಬಿ, ಶಿವಮೊಗ್ಗದ ಸಮೀಪದ ಮಲವಗೊಪ್ಪ ಬರುವಷ್ಟರಲ್ಲಿ ಮುಚ್ಚಳವನ್ನು ತಾನೇ ಎತ್ತಿ ಊರು ಬಂತೇ ಎಂದು ಇಣುಕುತ್ತಿತ್ತು.

ಕಾಗದನಗರಕ್ಕೆ ಒಂದು ವಾಸನೆಯಿತ್ತು. ಬೇಯಿಸಿದ ಎಲೆಕೋಸನ್ನು ಮರೆತು ಊರಿಗೆ ಹೋಗಿಬಂದರೆ ಮನೆಯಲ್ಲಿ ಇರುತ್ತದಲ್ಲ, ಆ ಜಾತಿಯದು. ಹೊಸಬರು ಮೂಗು ಮುಚ್ಚಿಕೊಂಡರೆ ಭಾವ ನಗುತ್ತಿದ್ದರು. "ಅನ್ನದ ವಾಸ್ನೆ ಮಾರಾಯ. ಇದು ನಿಂತ ದಿನ ಮೂಗು ಮುಚ್ಕೊ" ಎನ್ನುತ್ತಿದ್ದರು. ಭಾವನಿಗೆ ಗಿರಣಿಯ ಬಾಯ್ಲರಿನಲ್ಲಿ ಕೆಲಸ. ಮಾತು ಕಡಿಮೆ. ಆ ಮನೆಯ ಮಾತನ್ನೆಲ್ಲ ಗುತ್ತಿಗೆ ಹಿಡಿದವಳು ಅವರ ಮಗಳು ಶೈಲಾ. ಶಿವಮೊಗ್ಗದ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದಳು.

ನಾವೆಲ್ಲ ಪೇಪರ್ ಓದುತ್ತೇವೆ. ಶೈಲಾ ಪೇಪರಿನ ಜೊತೆ ಬಾಳುತ್ತಿದ್ದಳು. ಅದರಲ್ಲೂ ಗಾಳಿ, ನೀರು, ಕಲ್ಲಿದ್ದಲು, ವಿದ್ಯುತ್ತು ಎಂದು ಯಾವ ಮೂಲೆಯಲ್ಲಿ ಬರೆದಿದ್ದರೂ ಅದು ಅವಳಿಗೆ ಸ್ವಂತ ಮನೆಯ ಸುದ್ದಿ.

"ಅಮ್ಮಾ, ಧ್ರುವದ ಮೇಲೆ ಓಜೋನ್ ಪದರಕ್ಕೆ ತೂತು ಬಿದ್ದಿದ್ಯಂತೆ!"

"ಬೀಳ್ಲಿ. ನಿಮ್ಮಪ್ಪನ ಬನೀನಿಗೂ ಬಿದ್ದಿದೆ. ಮೊದ್ಲು ಅದನ್ನ ಹೊಲ್ದು ಕೊಡು ಮಾರಾಯ್ತಿ."

ಹಿಮ ಕರಗಿ ಸಮುದ್ರ ಏರುತ್ತದೆ ಎಂದು ಪೇಪರಿನಲ್ಲಿ ಬಂದ ದಿನ ಅವಳು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಸೋದರಮಾವನ ಕರ್ತವ್ಯವೆಂದು ನಾನು ಸಮಾಧಾನ ಹೇಳಿದೆ: "ಸಮುದ್ರ ಭದ್ರಾವತಿಗೆ ಬರ್ಬೇಕಂದ್ರೆ ಘಟ್ಟ ಹತ್ತಬೇಕು ಕಣೆ. ಅಷ್ಟು ಸುಲಭ ಅಲ್ಲ."

"ಮಾವ, ಮಂಗಳೂರಲ್ಲಿ ಮನುಷ್ಯರಿಲ್ವಾ?"

ನಾನು ಸಾರಿಗೆ ಉಪ್ಪು ಸಾಲದೆಂದು ಹೇಳಿ ವಿಷಯ ಬದಲಿಸಿದೆ. ಎಲ್ಲೋ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದರು ಎಂಬ ಸುದ್ದಿ ಬಂದಾಗ ಅವಳು ಹಟ ಹಿಡಿದು ಪಾಯಸ ಮಾಡಿಸಿದಳು. ಸೋದರತ್ತೆಯ ಮಗನಿಗೆ ನೌಕರಿಯಾದರೂ ಆ ಮನೆಯಲ್ಲಿ ಅಷ್ಟು ಸಂಭ್ರಮ ಆಗುತ್ತಿರಲಿಲ್ಲ. ಭಾವ ಪಾಯಸ ತಿಂದರು. ಮಗಳ ಸುದ್ದಿಗಳಲ್ಲಿ ಕೊನೆಗೆ ಸಿಕ್ಕಿಬೀಳುವ ಅಪರಾಧಿ ಯಾವಾಗಲೂ ಹೊಗೆ. ಅವರು ಆ ಹೊಗೆಯ ಕಡೆಯವರು.

ಒಂದು ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೊತ್ತಾಯಿತು. ವಿಷಯ, 'ಕೈಗಾರಿಕೆಯಿಂದ ಕೇಡೇ ಹೆಚ್ಚು'. ಶೈಲಾ ವಿಷಯದ ಪರವಾಗಿ ಹೆಸರು ಕೊಟ್ಟಳು. ಕಾಗದನಗರದಲ್ಲಿ ಸುದ್ದಿ ನಲ್ಲಿ ನೀರಿಗಿಂತ ಬೇಗ ಮನೆಮನೆ ತಲುಪುತ್ತದೆ. ಪಕ್ಕದ ಮನೆಯ ಮುರುಗೇಶಣ್ಣ, ಭಾವನ ಜೊತೆ ಒಂದೇ ಪಾಳಿಯವರು, ಬೇಲಿಯ ಹತ್ತಿರ ನಿಂತು ಕೇಳಿದರು: "ಏನಪ್ಪಾ, ನಿನ್ ಮಗಳು ನಮ್ ಸಾಪಾಡಿಗೇ ಮಣ್ಣು ಹಾಕ್ತಾಳಂತಲ್ಲ?" ನಗುತ್ತಲೇ ಕೇಳಿದರು, ಆದರೆ ಕೇಳಿದರು. ಅಕ್ಕ ಒಳಗೆ ಮಗಳನ್ನು ಹಿಡಿದುಕೊಂಡಳು. "ಅಪ್ಪ ನಾಳೆಯಿಂದ ಗೇಟಲ್ಲಿ ತಲೆ ಎತ್ಕೊಂಡು ಹೋಗೋದು ಬೇಡ್ವಾ?" ಶೈಲಾ, "ಸುಳ್ಳು ಹೇಳ್ಲಾ ಹಂಗಾದ್ರೆ?" ಎಂದು ಅತ್ತಳು. ಅಪ್ಪನನ್ನು ಜನರೆದುರು ತಗ್ಗಿಸಬಾರದು, ತಿಳಿದದ್ದನ್ನು ನುಂಗಲೂಬಾರದು. ಆ ವಯಸ್ಸಿನಲ್ಲಿ ಇಂಥದ್ದಕ್ಕೆ ನಡುದಾರಿ ಕಾಣುವುದಿಲ್ಲ. ಈ ವಯಸ್ಸಿನಲ್ಲಿ ಕಾಣುತ್ತದೆ, ಆದರೆ ಅದರ ಮೇಲೆ ನಡೆಯಲು ನಾಚಿಕೆಯಾಗುತ್ತದೆ.

ಆಯುಧಪೂಜೆಯ ದಿನ ಭಾವ ಮಗಳನ್ನು ಕರೆದು, "ನಡಿ, ನನ್ ಜಾಗ ನೋಡ್ಕೊಂಡು ಬರಣ. ನೀನೂ ಬಾ ಮಾರಾಯ" ಎಂದರು.

ವರ್ಷದಲ್ಲಿ ಅದೊಂದು ದಿನ ಮನೆಮಂದಿಯನ್ನು ಗಿರಣಿಯೊಳಗೆ ಬಿಡುತ್ತಿದ್ದರು. ಯಂತ್ರಗಳೆಲ್ಲ ಚೆಂಡುಹೂವಿನ ಮಾಲೆ ಹಾಕಿಕೊಂಡು, ವಿಭೂತಿ ಕುಂಕುಮ ಇಟ್ಟುಕೊಂಡು, ಬೀಗರಂತೆ ಸುಮ್ಮನಿದ್ದವು. ನೆಲದ ತುಂಬ ಒಡೆದ ಕುಂಬಳಕಾಯಿ. ಬಾಯ್ಲರಿಗೆ ಮಾತ್ರ ರಜೆಯಿಲ್ಲ. ಅದು ಉರಿಯುತ್ತಲೇ ಪೂಜೆ ಮಾಡಿಸಿಕೊಳ್ಳುವ ದೇವರು. ಭಾವ ಕಣ್ಣಿಗೆ ಅಡ್ಡ ಹಿಡಿಯುವ ಒಂದು ನೀಲಿ ಗಾಜನ್ನು ಶೈಲಾಳ ಕೈಗೆ ಕೊಟ್ಟು, ಬಾಯ್ಲರಿನ ಗೋಡೆಯಲ್ಲಿದ್ದ ಸಣ್ಣ ಕಿಂಡಿ ತೋರಿಸಿದರು. ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನಾನು ನೋಡಿದೆ.

ಅಲ್ಲಿಯವರೆಗೆ ನಾನು ಕಂಡ ಬೆಂಕಿಗಳೆಲ್ಲ ಏನನ್ನಾದರೂ ಸುಡುತ್ತಿದ್ದವು: ಸೌದೆ, ಕರ್ಪೂರ, ಬೀಡಿ. ಇಲ್ಲಿ ಸುಡಲು ಬೇರೇನೂ ಬೇಡವೆಂಬಂತೆ ಬೆಂಕಿಯೇ ಒಂದು ಗುಡ್ಡವಾಗಿ ಕುಳಿತಿತ್ತು. ಮೇಲಿನಿಂದ ಅದರ ಮೇಲೆ ಕಪ್ಪು ಮಳೆ ಬೀಳುತ್ತಿತ್ತು, ಬಿದ್ದದ್ದು ಬಿದ್ದಲ್ಲೇ ಬೆಳಕಾಗುತ್ತಿತ್ತು. ನಾನು ಬಕೆಟ್ಟು ಹೊತ್ತು ಬಂದು ಹಿಟ್ಟು ರುಬ್ಬಿಸಿಕೊಂಡದ್ದು ಇದರಿಂದಲೇ? ಒಂದು ದೋಸೆಯ ಹಿಂದೆ ಇಷ್ಟು ದೊಡ್ಡ ಸೂರ್ಯ ಕೆಲಸ ಮಾಡುತ್ತಿದ್ದಾನೆಂದು ಗೊತ್ತಿದ್ದರೆ ಚಟ್ನಿಯಲ್ಲಿ ಕೊಂಕು ಹುಡುಕುತ್ತಿರಲಿಲ್ಲ.

ಭಾವ ಬಾಯ್ಲರಿನ ಸದ್ದಿನ ಮೇಲೆ ಕೂಗಿ ಹೇಳಿದರು: "ಮರ ಬೇಯ್ಸಿದ್ರೆ ನಾರು ಒಂದ್ಕಡೆ, ಕರೀ ನೀರು ಒಂದ್ಕಡೆ. ನಾರು ಪೇಪರಿಗೆ. ಕರೀ ನೀರು ಗಟ್ಟಿ ಮಾಡಿ ಇಲ್ಲಿಗೆ. ಇದ್ರ ಕಾವಿಗೆ ಹಬೆ, ಹಬೆಯಿಂದ ಕರೆಂಟು."

"ಅಂದ್ರೆ ಅಪ್ಪ, ನಾನು ಓದೋ ಪೇಪರ್ ಯಾವ ಮರದ್ದೋ, ಲೈಟೂ ಅದೇ ಮರದ್ದಾ?"

"ಇರ್ಬಹುದು. ಕಲ್ಲಿದ್ದಲೂ ಸುಡ್ತೀವಿ, ಬೇರೆ ಬಾಯ್ಲರಲ್ಲಿ."

ಹೊರಗೆ ಕಲ್ಲಿದ್ದಲ ರಾಶಿಯ ಹತ್ತಿರ ನಿಂತು ಭಾವ ಚಿಮಣಿಯ ತುದಿಗೆ ಬೆರಳು ತೋರಿಸಿದರು. "ಅಲ್ಲಿ ತನಕ ನಂಗೊತ್ತು. ಅದ್ರಿಂದ ಮೇಲಿಂದು ನಂಗೊತ್ತಿಲ್ಲ. ಇಷ್ಟ್ ವರ್ಷ ಕೇಳಿದೋರೂ ಇಲ್ಲ. ನೀನು ಓದಿದೀಯಲ್ಲ, ಹೇಳು."

ಶೈಲಾ ಅಪ್ಪನ ಬೆರಳಿನ ಜಾಡಿನಲ್ಲಿ ಮೇಲೆ ನೋಡಿದಳು. "ಸ್ಪರ್ಧೆ ದಿನ ಹೇಳ್ತೀನಿ ಅಪ್ಪ. ಬರ್ತೀಯಾ?"

"ರಜ ಹಾಕ್ತೀನಿ."

ಸ್ಪರ್ಧೆಯ ದಿನ ಭಾವ ಮದುವೆಮನೆಗೆ ಹಾಕುವ ಶರ್ಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತರು. ಪಕ್ಕದಲ್ಲಿ ನಾನು. ಹಿಂದಿನ ಸಾಲಿನಲ್ಲಿ ಮುರುಗೇಶಣ್ಣ. ಮಗನ ಫೀಸು ಕಟ್ಟಲು ಬಂದವನು ಹಾಗೇ ಇಲ್ಲಿಗೂ ಬಂದೆ ಎಂದರು. ಆ ತಿಂಗಳು ಫೀಸಿನ ತಿಂಗಳಾಗಿರಲಿಲ್ಲ. ಶೈಲಾಳಿಗಿಂತ ಮೊದಲು ಮಾತಾಡಿದ ಹುಡುಗ ಮೇಜು ಗುದ್ದಿ ಗುದ್ದಿ ಭಾರತದ ಸಮಸ್ತ ಕೈಗಾರಿಕೆಯನ್ನೂ ನೆಲಸಮ ಮಾಡಿ ಇಳಿದಿದ್ದ. ಶೈಲಾ ಮೈಕಿನ ಮುಂದೆ ನಿಂತಳು. 'ನಾನು ವಿಷಯದ ಪರವಾಗಿ' ಎಂದು ಶುರು ಮಾಡುವುದು ಕ್ರಮ. ಅವಳು ಹಾಗೆ ಶುರು ಮಾಡಲಿಲ್ಲ.

"ನಮ್ಮಪ್ಪ ಇಲ್ಲೇ ಕೂತಿದಾರೆ. ಬಾಯ್ಲರಲ್ಲಿ ಕೆಲಸ. ಚಿಮಣಿಯಿಂದ ಮೇಲೆ ಹೋಗಿದ್ದು ಏನಾಗತ್ತೆ ಅಂತ ನನ್ನ ಕೇಳಿದಾರೆ. ಅದಕ್ಕೆ ಉತ್ತರ ಹೇಳ್ತೀನಿ."

ಹೇಳಿದಳು. ಮಸಿ ಕೆಳಗೆ ಬೀಳುತ್ತದೆ, ಆದರೆ ಕಣ್ಣಿಗೆ ಕಾಣದ ಇಂಗಾಲದ ಗಾಳಿ ಬೀಳುವುದಿಲ್ಲ. ಮರ ಸುಟ್ಟದ್ದನ್ನು ಇನ್ನೊಂದು ಮರ ಬೆಳೆಯುತ್ತ ವಾಪಸು ತೆಗೆದುಕೊಳ್ಳಬಹುದು. ಕಲ್ಲಿದ್ದಲಿನದು ಹಾಗಲ್ಲ, ಅದು ಯಾವುದೋ ಕಾಲದ ಕಾಡು, ಈ ಕಾಲದ ಆಕಾಶದಲ್ಲಿ ಅದಕ್ಕೆ ಜಾಗವಿಲ್ಲ. ಅದು ಗಡಿ ದಾಟಿ, ಸಮುದ್ರ ದಾಟಿ, ಭೂಮಿಗೆ ಕಂಬಳಿ ಹೊದಿಸುತ್ತ ಉಳಿದುಬಿಡುತ್ತದೆ. "ಅದನ್ನ ಸುಟ್ಟು ಬಂದ ಕರೆಂಟಲ್ಲೇ ನಾನು ಓದಿದ್ದು. ಓದಿದ್ದಕ್ಕೇ ಇದು ನಂಗೆ ಗೊತ್ತಾಗಿದ್ದು" ಎಂದಳು. ಸಮಯ ಮುಗಿದ ಗಂಟೆ ಹೊಡೆಯಿತು.

ತೀರ್ಪುಗಾರರು ಕನ್ನಡಕದ ಮೇಲಿನಿಂದ ನೋಡಿ ಕೇಳಿದರು: "ನೀನು ಪರವೋ ವಿರೋಧವೋ?"

"ಎರಡೂ ಸರ್."

"ಎರಡಕ್ಕೂ ಹೆಸರು ಕೊಟ್ಟಿಲ್ಲವಲ್ಲಮ್ಮ."

ಬಹುಮಾನ ಮೇಜು ಗುದ್ದಿದವನಿಗೆ ಹೋಯಿತು. ನ್ಯಾಯವಾಗಿ ಅರ್ಧ ಮೇಜಿಗೆ ಸಲ್ಲಬೇಕಿತ್ತು. ಮುರುಗೇಶಣ್ಣ ಮಾತ್ರ ಹೊರಗೆ ಬಂದು ಶೈಲಾಳ ತಲೆಯ ಮೇಲೆ ಕೈಯಿಟ್ಟು, ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಅಪ್ಪ ಮಗಳೊಂದಿಗೆ ನಾನೂ ಭದ್ರಾವತಿಯ ಬಸ್ಸು ಹತ್ತಿದೆ. ಶೈಲಾ ಅಪ್ಪನ ಮುಖ ನೋಡಲು ಹೆದರಿ ತನ್ನ ಚಪ್ಪಲಿ ನೋಡುತ್ತಿದ್ದಳು. ಕೊನೆಗೆ ಭಾವನೇ ಕೇಳಿದರು.

"ನಾನು ಕೆಲಸಕ್ಕೆ ಸೇರ್ದಾಗ ಬಿಟ್ಟಿದ್ದೂ ಇನ್ನೂ ಮೇಲಿದ್ಯಾ?"

"ಇದೆ ಅಪ್ಪ. ಎಲ್ಲ ಅಲ್ಲ, ಬಹಳಷ್ಟು."

"ನಾನು ಸತ್ಮೇಲೂ?"

"ನಾನು ಸತ್ಮೇಲೂ."

ಭಾವ ಕಿಟಕಿಗೆ ತಲೆ ಬಗ್ಗಿಸಿ ಮೇಲೆ ನೋಡಿದರು. ಅಷ್ಟು ವರ್ಷ ಆ ಮುಖದಲ್ಲಿ ನಾನು ಕಾಣದ ಒಂದು ಭಯವೂ, ಕಿಂಡಿಯ ಮುಂದೆ ಶೈಲಾಳ ಮುಖದಲ್ಲಿ ಕಂಡಿದ್ದ ಬೆರಗೂ ಒಟ್ಟಿಗೆ ಇದ್ದವು. "ರಿಟೈರಾದ್ರೆ ನಮ್ದು ಅಂತ ಏನೂ ಉಳಿಯಲ್ಲ ಅಂದ್ಕೊಂಡಿದ್ದೆ" ಎಂದರು. ಆಮೇಲೆ, "ಯಾರೂ ಹೇಳಿರ್ಲಿಲ್ಲ. ನೀನೇ ಹೇಳಿದ್ದು ಒಳ್ಳೇದಾಯ್ತು" ಎಂದು ಮಗಳ ಕೈ ಹಿಡಿದುಕೊಂಡರು. ಇಳಿಯುವವರೆಗೂ ಬಿಡಲಿಲ್ಲ.

ಭಾವ ತೀರಿಕೊಂಡು ಎಷ್ಟೋ ಕಾಲವಾಯಿತು. ಗಿರಣಿಯೂ ನಿಂತುಹೋಗಿದೆ. ಈಗ ಕಾಗದನಗರಕ್ಕೆ ಹೋದವರು ಮೂಗು ಮುಚ್ಚುವುದಿಲ್ಲ.

ಹೀಗೆ ಮೆಟ್ಟಿಲ ಮೇಲೆ ಕುಳಿತಿರುವಾಗಲೇ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ, "ಆಕಾಶ ನೋಡಿ ಸಾರ್, ಖಾಲಿ. ಇವತ್ತೂ ಮಳೆ ಇಲ್ಲ" ಎಂದರು. ಲೋಕಾಭಿರಾಮದ ಮಾತು, ಹೌದೆಂದರೆ ಮುಗಿಯುತ್ತಿತ್ತು. ನನಗೆ ಹೌದೆನ್ನಲು ಬಾಯಿ ಬರಲಿಲ್ಲ. ಒಂದೂ ಮೋಡವಿಲ್ಲದ ಆ ನೀಲಿಯಲ್ಲಿ ಭಾವ ದುಡಿದ ಪಾಳಿಗಳೆಲ್ಲ ಇವೆ. ನಾವು ತಿಂದ ದೋಸೆ, ಶೈಲಾ ಓದಿದ ಪಾಠ, ಎಲ್ಲ ಇವೆ. ಒಳ್ಳೆಯದೆಂದು ಹೇಳುತ್ತಿಲ್ಲ. ಇದೆ ಎಂದಷ್ಟೇ ಹೇಳುತ್ತಿದ್ದೇನೆ.

ನಾನು ಮೆಟ್ಟಿಲಿನಿಂದ ಎದ್ದು ನಿಂತೆ. ಅಕ್ಕನ ಗಂಡ ಎದುರಿಗಿರುವಾಗ ಕೂತೇ ಇರುವ ಪದ್ಧತಿ ನಮ್ಮ ಕಡೆ ಇಲ್ಲ.