ಹೆಬ್ಬಾತುಗಳನ್ನು ನಾವೇ ಎಬ್ಬಿಸಿದ ದಿನ

ಒಂದೆಡೆ ಸುಮ್ಮನೆ ಕೂಡ್ರುವ ಹೆಂಗಸು ನಾನಲ್ಲ. ಅಂಥ ನನ್ನನ್ನು ಕೆರೆಯ ಈಚೆ ದಂಡೆಯ ಊರಿಗೆ ಮದುವೆ ಮಾಡಿ ಕೊಟ್ಟರು. ಅವ್ವ ಆಚೆ ದಂಡೆಯಲ್ಲೇ ಉಳಿದಳು. ಅವಳ ಊರು ಶಿರಹಟ್ಟಿ ಕಡೆಯದು, ಸಂಸ್ಥಾನಕ್ಕೆ ಸೇರಿದ್ದು. ನಮ್ಮದು ಗದಗಿನ ಕಡೆ, ಇಂಗ್ರೇಜರದು. ನಡುವೆ ಕೂಗಿದರೆ ಕೇಳುವಷ್ಟೇ ಅಗಲದ ನೀರು.

ದೀಪಾವಳಿ ಕಳೆದ ಮೇಲೆ ಆ ನೀರಿಗೆ ಹೆಬ್ಬಾತುಗಳು ಇಳಿಯುತ್ತಿದ್ದವು, ತಲೆಯ ಮೇಲೆ ಎರಡೆರಡು ಕರಿ ಪಟ್ಟೆಯವು. ಶಿವರಾತ್ರಿಯ ತನಕ ಕೆರೆ ಅವುಗಳದ್ದೇ. ಎರಡೂ ಊರಿನ ಹಿರಿಯರು ಕೂಡಿ ಮಾಡಿದ ಕಟ್ಟಳೆಯಿತ್ತು: ಯಾರೂ ಬಲೆ ಹಾಕಬಾರದು, ದಂಡೆಯ ಮೇಲೆ ಕೂಗಬಾರದು, ಬಟ್ಟೆಯನ್ನು ಕಲ್ಲಿಗೆ ಬಡಿಯದೆ ಕೈಯಲ್ಲೇ ತಿಕ್ಕಬೇಕು. ಸರಕಾರ ಎರಡಾದರೂ ಕಟ್ಟಳೆ ಒಂದೇ. ಅವ್ವ ಎದುರಿಗೇ ಕಂಡರೂ "ಯವ್ವಾ" ಅನ್ನುವಂತಿಲ್ಲ! ಸೆರಗು ಬೀಸಬೇಕು, ಅವಳೂ ಬೀಸಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾಳಾದ ಹಕ್ಕಿಗಳು, ನಮ್ಮ ಕಡಲೆ ಹೊಲ ಮೇಯ್ದು ನಮ್ಮ ಬಾಯಿಯನ್ನೇ ಕಟ್ಟಿದವಲ್ಲ ಎಂದು ಬೈದುಕೊಳ್ಳುತ್ತಿದ್ದೆ. ಆದರೂ ಅವು ಬರುವುದು ಒಂದು ದಿನ ತಡವಾದರೆ ಮೂರು ಸಲ ದಂಡೆಗೆ ಹೋಗಿ ಆಕಾಶ ನೋಡಿ ಬರುತ್ತಿದ್ದವಳೂ ನಾನೇ.

ಸ್ವಾತಂತ್ರ್ಯ ಬಂತು. ಆಮೇಲೆ ಸಂಸ್ಥಾನವೂ ವಿಲೀನವಾಯಿತು. ತವರಿಗೆ ಹೋಗುವಾಗ ಗಡಿಯ ನಾಕಾದಲ್ಲಿ ಗಂಟು ಬಿಚ್ಚಿ ತೋರಿಸುವುದು ತಪ್ಪಿತೆಂದು ಓಣಿಗೆಲ್ಲ ಸಕ್ಕರೆ ಹಂಚಿದೆ. ಹಕ್ಕಿ ಹೊಡೆಯುವ ಬಂದೂಕಿನವರಿಗೂ ಗಡಿಯ ಅಡ್ಡಿ ತಪ್ಪಿತೆಂಬುದು ನನಗೆ ಹೊಳೆಯಲೇ ಇಲ್ಲ. ಮೊದಲೆಲ್ಲ ನೀರು ಸಂಸ್ಥಾನದ್ದು. ಹೊಡೆದ ಹಕ್ಕಿಯನ್ನು ತರಲು ಇಳಿದವರ ಬಂದೂಕನ್ನು ಅಲ್ಲಿಯ ಸಿಪಾಯಿಗಳು ಕಸಿಯುತ್ತಿದ್ದರು. ಆ ಚಳಿಗಾಲ ಪೇಟೆಯ ದೊಡ್ಡ ಮನುಷ್ಯರು ನಾಲ್ವರು ಜೀಪಿನಲ್ಲಿ ಬಂದು ನಮ್ಮ ಚಾವಡಿಯಲ್ಲೇ ಇಳಿದರು. ಚಹಾ ಕುಡಿದು ಕೆರೆಗೆ ಹೋಗುತ್ತೇವೆ ಎಂದರು. ಹಿರಿಯರು ಕೈ ಮುಗಿದರೂ ಕೇಳಲಿಲ್ಲ.

ನಾನು ಹಿತ್ತಾಳೆ ಕೊಡ ಎತ್ತಿಕೊಂಡು ಓಡಿದೆ. ಎದುರು ದಂಡೆಯಲ್ಲಿ ಅವ್ವ ಬಟ್ಟೆ ತಿಕ್ಕುತ್ತಿದ್ದಳು.

"ಯವ್ವಾ! ಬಂದೂಕಿನವರು ಬಂದಾರ! ಎಬ್ಬಸು ಅವನ್ನ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ನನಗೆ ಹುಚ್ಚು ಹಿಡಿಯಿತೇನೋ ಎಂಬಂತೆ ಒಂದು ಗಳಿಗೆ ನೋಡಿದಳು. ಆಮೇಲೆ ಒದ್ದೆ ಬಟ್ಟೆ ಎತ್ತಿ ಕಲ್ಲಿಗೆ ಬಡಿದಳು. ನಾನು ಕೊಡ ಬಡಿದೆ. ಎರಡೂ ದಂಡೆಗೆ ಜನ ಓಡಿಬಂದು ತಾಟು, ಡಬ್ಬಿ, ಕೈಗೆ ಸಿಕ್ಕಿದ್ದನ್ನು ಬಡಿದರು. ಕೆರೆಯೇ ಎದ್ದಂತೆ ಹಕ್ಕಿಗಳೆಲ್ಲ ಎದ್ದು ಹಾರಿಹೋದವು. ಬಂದೂಕಿನವರು ದಂಡೆ ಹತ್ತುವಷ್ಟರಲ್ಲಿ ಬರೀ ನೀರು.

ಅವರು ಹಟ ಬಿಡಲಿಲ್ಲ, ಅಲ್ಲೇ ಜಾಲಿ ಮರದ ಕೆಳಗೆ ಕಾಯುತ್ತ ಕೂತರು. ಹೊತ್ತು ಮುಳುಗುವಾಗ ಹಕ್ಕಿಗಳು ತಿರುಗಿ ಬಂದವು. ದಣಿದಿದ್ದವು, ಕಾಲು ಇಳಿಬಿಟ್ಟು ನೀರಿಗೆ ಇಳಿಯುವುದೊಂದೇ ಬಾಕಿ. ನನ್ನ ಕೈ ಏಳಲಿಲ್ಲ. ಪಾಪ, ಎಲ್ಲಿಗೆ ಹೋದಾವು? ಇನ್ನೊಮ್ಮೆ ಓಡಿಸಿದರೆ ಮತ್ತೆಂದೂ ಈ ಕಡೆ ಬರಲಿಕ್ಕಿಲ್ಲ ಅನಿಸಿ ಅಳು ಬಂತು.

ಆಚೆಯಿಂದ ಅವ್ವ ಕೂಗಿದಳು: "ಏನ್ ನೋಡ್ಕೊಂತ ನಿಂತೀಯವ್ವಾ? ಬಡಿ, ಬಡಿ! ಎಲ್ಯಾರ ಇರ್ಲಿ, ಜೀವದಿಂದಿರ್ಲಿ!"

ಅಳುತ್ತಲೇ ಬಡಿದೆ.