ಸುಡದೆ ಉಳಿದ ಕಾರ್ಬನ್

ನಮ್ಮ ಕಚೇರಿಯಲ್ಲಿದ್ದ ಒಬ್ಬರೇ ಟೈಪಿಸ್ಟರು ಗುಪ್ತ ಕಾಗದಗಳ ಕಾರ್ಬನ್ನನ್ನು ಸಂಜೆ ಡಬ್ಬಿಯಲ್ಲಿ ಸುಡುತ್ತಿದ್ದರು. ಮೊದಲು ಬೆಳಕಿಗೆ ಹಿಡಿದು ಓದಿ, "ಕಾಗದಾ ಸರ್ಕಾರದ್ದು, ಹೆಸರು ಮಂದೀದ್ರಿ" ಅನ್ನುತ್ತಿದ್ದರು.

ತುರ್ತು ಪರಿಸ್ಥಿತಿಯಲ್ಲಿ, ಸಂತಾನಹರಣದ ಆಪರೇಶನ್ನಿಗೆ ಬಿಜ್ಜರಗಿಯಿಂದ ಹಿಡಿದು ತರಬೇಕಾದವರ ಪಟ್ಟಿಯನ್ನು ಅವರೇ ಟೈಪು ಮಾಡಿದರು. ಜೀಪು ಹೋದಾಗ ಊರಲ್ಲಿ ಗಂಡಸರೇ ಇರಲಿಲ್ಲ. ಚಹಾದಂಗಡಿಯಲ್ಲಿ ಆ ಪಟ್ಟಿಯ ಕಾರ್ಬನ್ ಸಿಕ್ಕಿತು.

"ಕಾರ್ಬನ್ ಸುಡೂದು ಯಾರ ಕೆಲಸ?" ಸಾಹೇಬರು ಗುಡುಗಿದರು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ನೌಕರಿಯ ಭಯಕ್ಕೆ ನಾನು ಟೈಪಿಸ್ಟರತ್ತ ಬೆರಳು ತೋರಿಸಿದೆ.

"ಖರೇ ಹೇಳ್ಯಾರ್ರಿ" ಎಂದ ಅವರು ಟೈಪ್‌ರೈಟರಿಗೆ ಮುಸುಕು ಹಾಕಿ, ಪೊಲೀಸರೊಂದಿಗೆ ನಡೆದರು. ಜೈಲಾಯಿತು.

ಪಟ್ಟಿಯ ಮೂರನೆಯ ಹೆಸರು ನನ್ನ ತಮ್ಮನದು. ಕಾರ್ಬನ್ ಮುಟ್ಟಿಸಿ ಅವನನ್ನು ಹೊಲಕ್ಕೆ ಓಡಿಸಿದವರು ಆ ಟೈಪಿಸ್ಟರೇ. ಬೆರಳೆತ್ತುವಾಗಲೇ ಅದು ನನಗೆ ಗೊತ್ತಿತ್ತು. ಅವರು ಕೋರ್ಟಿನಲ್ಲೂ ಅದನ್ನು ಹೇಳಲಿಲ್ಲ. ನಾನೂ ಹೇಳಲಿಲ್ಲ.