ಗುಂಡಿ ತರಲು ಹೋದ ಮಂಡಿ

ಮೂರನೇ ಮಹಡಿಯ ಟೈಲರಮ್ಮನಿಗೆ ಆ ಕಟ್ಟಡದಲ್ಲಿ ಒಂದು ಕೆಟ್ಟ ಹೆಸರಿತ್ತು: ಕಂಡವರ ಮನೆ ವಿಷಯಕ್ಕೆ ಮೂಗು ತೂರಿಸುವವಳು. ರಸ್ತೆ ಬದಿಯ ಅಂಗಡಿಯಲ್ಲಿ ದಿನವಿಡೀ ಹೊಲಿಗೆ ಯಂತ್ರ ತುಳಿದು, ಮನೆಗೆ ಹತ್ತುವಾಗ ಪ್ರತಿ ಮಹಡಿಯಲ್ಲೂ ನಿಂತು, "ಏನ್ರೀ, ನಿಮ್ಮ ಯಜಮಾನ್ರ ಕೆಮ್ಮು ಹೇಗಿದೆ?" ಎಂದು ಶುರು ಹಚ್ಚಿಕೊಳ್ಳುತ್ತಿದ್ದಳು. ಯಾರ ಕೆಮ್ಮೂ ಅವಳಿಗೆ ಬೇಕಿರಲಿಲ್ಲ. ಕಂಬಿ ಹಿಡಿದು ನಿಲ್ಲಲು ಒಂದು ನೆವ ಬೇಕಿತ್ತು, ಅಷ್ಟೆ. ಮಂಡಿ ಒಳಗೊಳಗೇ ಉರಿಯುತ್ತಿತ್ತು. ಮುದುಕಿ ಅನ್ನಿಸಿಕೊಳ್ಳುವುದಕ್ಕಿಂತ ಹರಟೆಮಲ್ಲಿ ಅನ್ನಿಸಿಕೊಳ್ಳುವುದೇ ವಾಸಿ ಅಂದುಕೊಂಡಿದ್ದಳು.

ಈ ಜಂಬಕ್ಕೆ ಕಾರಣ ಎದುರು ಮನೆಯ ಓರಗಿತ್ತಿ. ಗಂಡನ ಅಣ್ಣನ ಹೆಂಡತಿ. ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದು ನಿವೃತ್ತಳಾದರೂ ಸೀಟಿ ಊದುವ ಗತ್ತು ಬಿಟ್ಟಿರಲಿಲ್ಲ. ನೆಲದಲ್ಲಿ ಕೂತು ಬಟ್ಟೆ ಕತ್ತರಿಸಿದ ಟೈಲರಮ್ಮ ಏಳಲಾರದೆ ತಿಣುಕಿದ್ದನ್ನು ಒಮ್ಮೆ ಅವಳು ನೋಡಿಬಿಟ್ಟಳು.

"ಕಾಲು ಜೋಮು ಹಿಡಿದಿದೆ ಅಕ್ಕ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಿನಗಿಂತ ದೊಡ್ಡವಳು ನಾನು, ನೋಡು ಹೇಗಿದೀನಿ."

ಆ ಮಾತು ಚುಚ್ಚಿತು. ಮಂಡಿನೋವು ಮುಚ್ಚಿಡಲು ಟೈಲರಮ್ಮ ಒಂದೊಂದೇ ಸುಖ ಬಿಡುತ್ತ ಬಂದಳು. ಗೆಳತಿಯರ ಜೊತೆ ಸಂಜೆಯ ತಿರುಗಾಟ ಬಿಟ್ಟಳು. ನಾಟಕ ನೋಡುವುದನ್ನು ಬಿಟ್ಟಳು. ಮೊಮ್ಮಗಳು "ಕೆಳಗೆ ಕೂತು ಆಡೋಣ ಬಾ ಅಜ್ಜಿ" ಅಂದರೆ ಹೊಲಿಗೆ ರಾಶಿ ಬಿದ್ದಿದೆ ಅನ್ನುತ್ತಿದ್ದಳು. ಈ ಸುಳ್ಳು ಹೇಳುವಾಗ ಮಾತ್ರ ಅವಳ ಕಣ್ಣು ತಪ್ಪಿಸುತ್ತಿದ್ದಳು.

ಕೊನೆಗೆ ಗುಟ್ಟಾಗಿ ಡಾಕ್ಟರ ಹತ್ತಿರ ಹೋದಳು. ಎಕ್ಸ್‌ರೇ ನೋಡಿದ ಡಾಕ್ಟರು, "ಕೀಲಿನ ಮೆತ್ತೆ ಸವೆದಿದೆ ಅಮ್ಮ. ಹೊಸದಾಗಿ ಬೆಳೆಯಲ್ಲ. ತೊಡೆ ಗಟ್ಟಿ ಮಾಡಿಕೊಂಡರೆ ಮಂಡಿಯ ಭಾರ ಇಳಿಯುತ್ತೆ" ಎಂದು ವ್ಯಾಯಾಮ ಕಲಿಸುವ ಕಡೆಗೆ ಕಳಿಸಿದರು. ಮನೆಯಲ್ಲಿ "ಗುಂಡಿ ತರ್ತೀನಿ" ಎಂದು ಹೇಳಿ ಹೊರಟಳು.

ಅಲ್ಲಿ ಮಂಚದ ಮೇಲೆ ಮಲಗಿ ಕಾಲೆತ್ತುತ್ತಿದ್ದಾಗ, ಪರದೆಯ ಆಚೆಯಿಂದ ಒಂದು ಗದರಿಕೆ ಕೇಳಿಸಿತು. "ಇನ್ನೂ ಎತ್ತಬೇಕಾ? ಇದೇನು ಕಾಲೋ, ಬಾವುಟವೋ?"

ಆ ದನಿಯನ್ನು ಅವಳು ನಿದ್ದೆಯಲ್ಲೂ ಗುರುತಿಸುತ್ತಿದ್ದಳು. ಕೈ ಚಾಚಿ ಪರದೆ ಸರಿಸಿದಳು. ಡ್ರಿಲ್ ಟೀಚರು ಒಂದು ಕಾಲು ಮೇಲೆತ್ತಿದವಳು ಹಾಗೇ ಕಲ್ಲಾದಳು.

"ಅಕ್ಕ, ನೀವು ಲೈಬ್ರರಿಗೆ ಹೋಗ್ತೀನಿ ಅಂದಿದ್ರಂತೆ?"

"ನೀನು ಗುಂಡಿ ತರೋಕೆ ಹೋಗಿದೀಯಂತೆ?"

ಒಂದು ಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಆಮೇಲೆ ಡ್ರಿಲ್ ಟೀಚರೇ ಮೊದಲು ಕಿಸಕ್ಕನೆ ನಕ್ಕಳು. ಹೊಟ್ಟೆ ಹಿಡಿದುಕೊಂಡು ಇಬ್ಬರೂ ನಗುವುದನ್ನು ನೋಡಿ, ವ್ಯಾಯಾಮ ಕಲಿಸುವ ಹುಡುಗಿ ಇದು ಯಾವ ಸ್ನಾಯುವಿಗೆ ಒಳ್ಳೆಯದು ಎಂದು ತಿಳಿಯದೆ ನಿಂತಳು.

"ಅವತ್ತು ನಾನು ಹಾಗೆ ಅನ್ನಬಾರದಿತ್ತು ಕಣೆ," ಎಂದಳು ಅಕ್ಕ ಕಣ್ಣೊರೆಸಿಕೊಳ್ಳುತ್ತ. "ನಿನ್ನ ಹಾಗೆ ನೆಲದಲ್ಲಿ ಕೂತಿದ್ರೆ ನನ್ನನ್ನೆತ್ತೋಕೆ ಕ್ರೇನೇ ಬರಬೇಕಿತ್ತು."

ಅಂದಿನಿಂದ ಇಬ್ಬರೂ ಜೊತೆಯಲ್ಲೇ ಹೊರಟರು. ಅಕ್ಕನ ಒತ್ತಾಯಕ್ಕೆ ಟೈಲರಮ್ಮ ಯಂತ್ರಕ್ಕೆ ಮೋಟರು ಹಾಕಿಸಿದಳು, ಬಟ್ಟೆ ಕತ್ತರಿಸಲು ಎತ್ತರದ ಮೇಜು ಮಾಡಿಸಿದಳು. ಮೊಮ್ಮಗಳ ಗೊಂಬೆಗಳೂ ಆ ಮೇಜಿಗೇ ಏರಿದವು. ನೋವು ಪೂರ್ತಿ ಹೋಗಲಿಲ್ಲ. ಮೋಡ ಕವಿದ ಬೆಳಗುಗಳಲ್ಲಿ ಮಂಡಿ ಈಗಲೂ ಹಟ ಹಿಡಿಯುತ್ತಿತ್ತು. ಆದರೆ ಮುಚ್ಚಿಡುವ ಕಷ್ಟ ಅರ್ಧ ಇಳಿದಿತ್ತು.

ಇತ್ತ ಗಂಡಂದಿರಿಗೆ ದಿಗಿಲು. ಹಾವು ಮುಂಗುಸಿಯಂತಿದ್ದವರು ಕೈ ಕೈ ಹಿಡಿದು ದಿನಾ ಎಲ್ಲಿಗೆ ಹೋಗುತ್ತಾರೆ? "ಊರಿನ ಮನೆ ಪಾಲು ಮಾಡಿಸೋಕೆ ವಕೀಲರನ್ನ ನೋಡ್ತಿದಾರೆ ಕಣೋ," ಎಂದ ಅಣ್ಣ. ಇಬ್ಬರೂ ಕಳ್ಳಹೆಜ್ಜೆಯಲ್ಲಿ ಹಿಂಬಾಲಿಸಿದರು. ಅದನ್ನು ಕಂಡ ಹೆಂಗಸರು ಬೇಕೆಂದೇ ಅವರನ್ನು ಎರಡು ಬೀದಿ ಸುತ್ತಿಸಿ ವ್ಯಾಯಾಮದ ಕೋಣೆ ಹೊಕ್ಕರು. ಸ್ವಲ್ಪ ಹೊತ್ತಿಗೆ ತಮ್ಮನನ್ನು ಹಿಂದಿಟ್ಟುಕೊಂಡು ಟೈಲರಮ್ಮನ ಭಾವ ಬಾಗಿಲಲ್ಲಿ ಏದುಸಿರು ಬಿಡುತ್ತ ಕಾಣಿಸಿಕೊಂಡರು. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ತಮ್ಮದೇ ಮಂಡಿಯ ಮೇಲೆ.

ಹುಡುಗಿ ಖಾಲಿ ಮಂಚ ತೋರಿಸಿದಳು. ಡ್ರಿಲ್ ಟೀಚರು ಸೊಂಟಕ್ಕೆ ಕೈಯಿಟ್ಟು ಗಂಡನ ತಲೆದಿಂಬಿನ ಹತ್ತಿರ ನಿಂತಳು. "ಹೂಂ, ಮಲಗಿ. ಕಾಲು ಮೇಲೆ!"